ಚೋಮಿ ಅನ್ನುವ ಬೈಕು

ನಗುವವರಿದ್ದರೆ ಈಗಲೇ ನಕ್ಕುಬಿಡಿ, ಆಮೇಲೆ ನಗಲಿಕ್ಕೆ ಪುರಸೊತ್ತು ಸಿಗುವುದಿಲ್ಲ. ಇದು ಕರಿಕೆಯಲ್ಲಿ ನಮ್ಮ ನೆರೆಮನೆಯ ಮೋಕ್ಷಿತನಿಗೆ ಆದದ್ದು. ಅವನು ಕತೆ ಕಟ್ಟುವ ಪೈಕಿ ಅಲ್ಲ. ಕಟ್ಟಿದರೂ ಎರಡನೇ ಮಾತಿಗೇ ಸಿಕ್ಕಿಬೀಳುವವನು.

ಭಾಗಮಂಡಲದಿಂದ ಕರಿಕೆಗೆ ಬರುವ ದಾರಿ ಗೊತ್ತಲ್ಲ... ಎರಡೂ ಕಡೆ ಕಾಡು, ತಿರುವಿನ ಮೇಲೆ ತಿರುವು, ಮೊಬೈಲಿಗೆ ಜೀವವೇ ಇರುವುದಿಲ್ಲ. ಅವತ್ತು ಮೋಕ್ಷಿತ್ ಕೆಲಸ ಮುಗಿಸಿ ಹೊಸ ಬೈಕಿನಲ್ಲಿ ಬರುತ್ತಿದ್ದ. ಕತ್ತಲಾಗಿತ್ತು. ಮಂಜು ಇಳಿದಿತ್ತು. ಟಾರು ರಸ್ತೆ ಬಿಟ್ಟು ಅವರ ಮನೆಗೆ ಇಳಿಯುವಲ್ಲಿ ಒಂದು ಹಳೇ ಬಾವಿ ಇದೆ. ಅಲ್ಲಿಗೆ ಬಂದ ಮೇಲೆ ಬೈಕು ಆಫ್ ಮಾಡಿ, ಇಳಿದು, ಹಿಡಿದುಕೊಂಡು ನಡೆಯುವುದು ಅವನ ಪದ್ಧತಿ. ಇಳಿಜಾರು, ಗಾಡಿ ತಾನಾಗಿ ಉರುಳುತ್ತದೆ. ಮಲಗಿದ ಅವ್ವನಿಗೆ ಎಚ್ಚರವೂ ಆಗುವುದಿಲ್ಲ.

ಕೀ ತಿರುಗಿಸಿದ. ಡುಗು ಡುಗು ನಿಂತಿತು.

ಕಾದ ಸೈಲೆನ್ಸರು ತಣಿಯುವಾಗ ಒಂದು ಸದ್ದು ಬರುತ್ತದೆ. ಟಿಣ್... ಟಿಣ್... ಅದು ಬಂತು. ಅದರ ನಡುವೆ ಇನ್ನೊಂದು ಬಂತು.

ಹಿಕ್.

ಮೋಕ್ಷಿತ್ ನಿಂತ. ಕಪ್ಪೆಗಳು ವಟಗುಟ್ಟುತ್ತಿದ್ದವು. ಒಮ್ಮೆಗೇ ಎಲ್ಲ ಬಾಯಿ ಮುಚ್ಚಿದವು. ಟಿಣ್... ಹಿಕ್... ಟಿಣ್... ಹಿಕ್. ಎಳೇ ಮಗುವಿನ ಬಿಕ್ಕಳಿಕೆ. ದೂರದಿಂದ ಅಲ್ಲ, ಅವನ ಎರಡು ಕೈಗಳ ನಡುವಿನಿಂದ. ಪೆಟ್ರೋಲ್ ಟ್ಯಾಂಕಿನ ಮೇಲಿನಿಂದ.

ತಲೆ ಎತ್ತಿದರೆ ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದರು. ಕಿರುಚಬೇಕು ಅನ್ನುವಷ್ಟರಲ್ಲಿ ಗುರುತು ಸಿಕ್ಕಿತು. ಅವನ ಹೆಂಡತಿ ಶ್ವೇತ.

"ಶ್... ಮೆಲ್ಲ," ಅಂದಳು.

"ಕತ್ತಲೆಲಿ ಇಲ್ಲಿ ಎಂತ ಮಾಡ್ತಿದ್ದಿ?"

"ನಿಮಗೂ ಕೇಳ್ತುಟ್ಟಾ?"

"...ಕೇಳ್ತುಟ್ಟು."

"ನನ್ಗೊಬ್ಳಿಗೇ ಅಂತ ಗ್ರಹಿಸಿದ್ದೆ," ಅಂದಳು ಶ್ವೇತ. ಅವಳ ದನಿಯಲ್ಲಿ ಹೆದರಿಕೆಯೇ ಇರಲಿಲ್ಲ. ಖುಷಿ ಇತ್ತು. ಮೋಕ್ಷಿತನಿಗೆ ನಿಜವಾಗಿ ಹೆದರಿಕೆ ಆದದ್ದು ಅದಕ್ಕೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಲ್ಲದಿದ್ದರೆ ನೀವು ಇದನ್ನು ಬರೀ ದೆವ್ವದ ಕತೆ ಅಂದುಕೊಳ್ಳುತ್ತೀರಿ.

ಮೋಕ್ಷಿತ್ ಮೊದಲು ಜೀಪು ಓಡಿಸುತ್ತಿದ್ದ. ಕರಿಕೆಯಿಂದ ಭಾಗಮಂಡಲಕ್ಕೆ, ಭಾಗಮಂಡಲದಿಂದ ಕರಿಕೆಗೆ. ಜನ, ಅಕ್ಕಿಮೂಟೆ, ರಬ್ಬರ್ ಶೀಟು, ಕೋಳಿ, ಎಲ್ಲ ಒಂದರಲ್ಲೇ. ನಮ್ಮಲ್ಲಿ ಗಾಡಿಗೆ ಹೆಸರಿಡದಿದ್ದರೆ ಅದು ಮನೆಗೆ ಸೇರಿದ ಹಾಗಲ್ಲ. ಹೆಸರಿಡಬೇಕಾದರೆ ಗಂಡೋ ಹೆಣ್ಣೋ ತೀರ್ಮಾನವಾಗಬೇಕು. ಅದಕ್ಕೆ ಮೋಕ್ಷಿತನ ಅವ್ವ ಪ್ರೇಮಾವತಿಯಮ್ಮನದು ಒಂದು ಲೆಕ್ಕ ಉಂಟು. ಮೊದಲೇ ಗೊರಗೊರ ಅಂದು ಎಚ್ಚರಿಸಿ ಆಮೇಲೆ ನಿಲ್ಲುವುದು ಹೆಣ್ಣು. ಒಂದು ಮಾತೂ ಹೇಳದೆ ನಡುದಾರಿಯಲ್ಲಿ ಕೈಕೊಡುವುದು ಗಂಡು. ಆ ಲೆಕ್ಕದಲ್ಲಿ ಜೀಪು ಗಂಡಾಯಿತು, ಮುತ್ತ ಅಂತ ಹೆಸರಾಯಿತು. ನಮ್ಮ ಮನೆಯ ಸ್ಕೂಟರು ಹೆಣ್ಣು, ನಿಶ್ಮಿತಾ. "ಮುತ್ತನಿಗೆ ಇವತ್ತು ಶೀತ", "ನಿಶ್ಮಿತಾಳ ಹೊಟ್ಟೆ ಖಾಲಿ" ಅಂತೆಲ್ಲ ಮಾತಾಡುವುದು ನಮಗೆ ಮಾಮೂಲು. ಹೊರಗಿನವರು ಕೇಳಿದರೆ ತಲೆ ಕೆಟ್ಟವರು ಅನ್ನಬೇಕು.

ಶ್ವೇತ ಬಸುರಿಯಾದಾಗ ಗಂಡ ಹೆಂಡತಿ ಗುಟ್ಟಾಗಿ ಒಂದು ಹೆಸರು ಆರಿಸಿಟ್ಟರು. ಹೆಣ್ಣಾದರೆ ಚೋಮಿ. ಅದು ಶ್ವೇತಳ ಅಜ್ಜಿಯ ಹೆಸರು, ಈಗ ಯಾರೂ ಇಡದ ಹಳೇ ಕಾಲದ್ದು. ಹುಟ್ಟುವ ಮೊದಲು ಹೆಸರನ್ನು ಬಾಯಿಬಿಟ್ಟು ಹೇಳಬಾರದಲ್ಲ, ಹಾಗಾಗಿ ಅವ್ವನಿಗೂ ಹೇಳಲಿಲ್ಲ. ಹೆಣ್ಣೇ ಆಯಿತು. ಆದರೆ ತಿಂಗಳು ತುಂಬುವ ಮೊದಲೇ ಆಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಕೆಲವು ದಿನ ಗಾಜಿನ ಪೆಟ್ಟಿಗೆಯೊಳಗೆ ಇತ್ತು. ಕಾಲಿಗೆ ಕಟ್ಟಿದ ಪಟ್ಟಿಯಲ್ಲಿ "ಶ್ವೇತಳ ಮಗು" ಅಂತ ಬರೆದಿದ್ದರು, ಹೆಸರಿಟ್ಟಿರಲಿಲ್ಲವಲ್ಲ. ಶ್ವೇತ ಹಾಲು ಹಿಂಡಿ ಕೊಡುತ್ತಿದ್ದಳು. ನರ್ಸು ಅದನ್ನು ಸಣ್ಣ ನಳಿಗೆಯಲ್ಲಿ ಹನಿ ಹನಿಯಾಗಿ ಬಿಡುತ್ತಿದ್ದಳು. ಒಂದು ಸಲವೂ ಎದೆಗೆ ಕೊಡಲಿಕ್ಕೆ ಆಗಲಿಲ್ಲ. ಗಾಜಿಗೆ ಕಿವಿ ಇಟ್ಟರೆ ಮಗು ಬಿಕ್ಕಳಿಸುವುದು ಕೇಳುತ್ತಿತ್ತು, ಅಷ್ಟೇ. ಒಂದು ಬೆಳಿಗ್ಗೆ ಅದೂ ನಿಂತಿತು.

ಮುತ್ತನಲ್ಲೇ ಕರೆದುಕೊಂಡು ಬಂದರು. ಶ್ವೇತ ಪಕ್ಕದ ಸೀಟಿನಲ್ಲಿ ಕೂತಿದ್ದಳು, ಮಡಿಲಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ್ದು. ಬಾವಿಯ ಆಚೆ ರಬ್ಬರ್ ತೋಟ ಶುರುವಾಗುವಲ್ಲಿ ಮಣ್ಣು ಮಾಡಿದರು. ಆ ಮನೆಯಲ್ಲಿ ಮೊದಲಿನಿಂದ ನಡೆದುಬಂದದ್ದು ಹೀಗೆ: ತೊಟ್ಟಿಲಿಗೆ ಹಾಕಿ ಹೆಸರು ಕರೆಯದ ಮಗು ಲೆಕ್ಕಕ್ಕಿಲ್ಲ. ಅದಕ್ಕೆ ತಿಥಿಯಿಲ್ಲ. ವರ್ಷಕ್ಕೊಮ್ಮೆ ತೀರಿಹೋದ ಹಿರಿಯರಿಗೆ ಬಡಿಸುವಾಗ ಅದಕ್ಕೆ ಎಲೆಯಿಲ್ಲ. ಊರವರು ಬಂದು "ಇನ್ನೊಂದಾಗ್ತದೆ ಬಿಡು" ಅಂದು ಕಾಫಿ ಕುಡಿದು ಹೋದರು. ಎಂತ ಮಾತೋ ಅದು.

ಆಮೇಲೆ ಮೋಕ್ಷಿತನಿಗೆ ಜೀಪು ಓಡಿಸಲಿಕ್ಕಾಗಲಿಲ್ಲ. ಪಕ್ಕದ ಸೀಟಿನಲ್ಲಿ ಯಾರು ಕೂತರೂ ಅವನ ಕಣ್ಣು ಅವರ ಮಡಿಲಿಗೆ ಹೋಗುತ್ತಿತ್ತು. ಮುತ್ತನನ್ನು ಭಾವನ ಕೈಗೆ ಕೊಟ್ಟ, ತಾನು ಭಾಗಮಂಡಲದ ಒಂದು ವರ್ಕ್‌ಶಾಪಿಗೆ ಕೆಲಸಕ್ಕೆ ಸೇರಿದ. ಓಡಾಡಲಿಕ್ಕೆ ಬೈಕು ತಗೊಂಡ. ಹಳೇ ಮಾದರಿಯದ್ದೇ ಬೇಕು ಅಂತ ಹಠ ಮಾಡಿ ತಗೊಂಡ. ಉರುಟು ಹೆಡ್‌ಲೈಟು, ಕಂದು ಸೀಟು, ಎದೆಯೊಳಗೆ ಹೋಗಿ ಹೊಡೆಯುವ ಡುಗು ಡುಗು. ಎಂತಕೆ ಅಷ್ಟು ದೊಡ್ಡ ಬೈಕು ಅಂತ ಕೇಳಿದವರಿಗೆ ಘಾಟಿ ಏರಬೇಕಲ್ಲ ಅಂದ. ಶ್ವೇತಳ ಹತ್ತಿರ ಮಾತ್ರ ನಿಜ ಹೇಳಿದ. "ಬೈಕಿನಲ್ಲಿ ಪಕ್ಕದ ಸೀಟು ಅಂತ ಒಂದಿಲ್ಲೆ."

ಬೈಕು ಬಂದ ದಿನ ಅಂಗಳದಲ್ಲಿ ಪೂಜೆ. ಚಕ್ರದಡಿಗೆ ನಿಂಬೆಹಣ್ಣು, ಹ್ಯಾಂಡಲಿಗೆ ಹೂವು. ಮದುವೆಯಾಗಿ ಹೋದ ಅಕ್ಕ ಸೌಮ್ಯ ಗಂಡನ ಜೊತೆ ಬಂದಿದ್ದಳು. ಗಂಡೋ ಹೆಣ್ಣೋ ಚರ್ಚೆ ಎದ್ದಿತು.

"ಗಂಡು ಮಾರಾಯ, ಈ ಸೌಂಡಿಗೆ ಹೆಣ್ಣು ಅಂದ್ರೆ ದೇವರು ಮೆಚ್ಚಿಯಾನ?" ಅಂದ ಭಾವ.

"ಒಮ್ಮೆ ದಾರಿಲಿ ನಿಲ್ಲಲಿ, ಆಮೇಲೆ ಹೇಳ್ತೇನೆ," ಅಂದರು ಪ್ರೇಮಾವತಿಯಮ್ಮ.

"ಹೆಣ್ಣು," ಅಂದ ಮೋಕ್ಷಿತ್. ಬೇರೆ ಮಾತಿಗೆ ಜಾಗವಿಲ್ಲದ ಹಾಗೆ ಅಂದ.

ತಿಂಗಳುಗಳಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ನಗಿಸಬೇಕು ಅಂತಲೇ ಸೌಮ್ಯ ಮುಂದೆ ಬಂದಳು. "ಹೆಣ್ಣಾದ್ರೆ ನಾನಲ್ವ ಸೋದರತ್ತೆ? ಹೆಸ್ರು ನಾನೇ ಕರೀಬೇಕು!" ಮಗುವಿನ ಕಿವಿಗೆ ಮಾಡುವ ಹಾಗೆಯೇ ಬೈಕಿನ ಒಂದು ಕಡೆಯ ಕನ್ನಡಿಗೆ ವೀಳ್ಯದೆಲೆ ಮುಚ್ಚಿದಳು, ಇನ್ನೊಂದು ಕನ್ನಡಿಯ ಹತ್ತಿರ ಬಾಯಿ ತಂದಳು. "ಎಂತ ಹೆಸ್ರು, ಬೇಗ ಹೇಳು." ಮೋಕ್ಷಿತ್ ಅವಳ ಕಿವಿಯಲ್ಲಿ ಹೇಳಿದ. ಎಲ್ಲಿಂದ ಬಂತು ಈ ಹಳೇ ಹೆಸರು ಅಂತ ಅವಳಿಗೆ ನಗು. ನಗುತ್ತಲೇ ಕರೆದಳು.

"ಚೋಮಿ... ಚೋಮಿ... ಚೋಮಿ."

ಅಂಗಳದಲ್ಲಿದ್ದವರೆಲ್ಲ ನಕ್ಕರು. ಹಿಂದೆ ಠಣ್ ಅಂತ ಆರತಿ ತಟ್ಟೆ ಬಿತ್ತು. ಶ್ವೇತ ಅದನ್ನು ಎತ್ತದೆ ಒಳಗೆ ಹೋದಳು.

ಆ ರಾತ್ರಿ ಕೇಳಿದಳು. "ಎಂತಕೆ ಕೊಟ್ರಿ ಅದನ್ನ?"

"ಯಾರಾದ್ರೂ ಒಂದು ಸಲ ಜೋರಾಗಿ ಕರೆಯೋದು ಕೇಳ್ಬೇಕಿತ್ತು ನಂಗೆ," ಅಂದ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಅವಳ ಬೆನ್ನು ಅಲುಗುತ್ತಿದ್ದದ್ದು ಅವನಿಗೆ ಕತ್ತಲಲ್ಲೂ ಗೊತ್ತಾಯಿತು.

ಸೋದರತ್ತೆ ಬಂದು, ಎಲೆ ಮುಚ್ಚಿ, ಮೂರು ಸಲ ಕರೆದಾಗಿತ್ತು. ತಮಾಷೆಗೆ ಕರೆದದ್ದು ಅಂತ ನಾವು ಹೇಳಬಹುದು. ಕರೆಸಿಕೊಂಡವರಿಗೆ ತಮಾಷೆ ಗೊತ್ತಾಗುವ ವಯಸ್ಸಲ್ಲವಲ್ಲ...

ಹಾಗಾಗಿ ಬಾವಿಯ ಹತ್ತಿರ ಬಿಕ್ಕಳಿಕೆ ಕೇಳಿದ್ದು ಯಾರದು ಅಂತ ಇಬ್ಬರಿಗೂ ಗೊತ್ತಿತ್ತು. ಹೆಸರು ಹೇಳಲಿಲ್ಲ. ಶ್ವೇತ ಅವನ ಕೈ ಹಿಡಿದು ತನ್ನ ರವಿಕೆಯ ಮೇಲೆ ಇಟ್ಟಳು. ಒದ್ದೆ. ಮಾತ್ರೆ ತಗೊಂಡು ನಿಲ್ಲಿಸಿದ ಹಾಲು. ಬತ್ತಿ ತಿಂಗಳುಗಳಾಗಿದ್ದ ಹಾಲು.

"ಅವಳಿಗೆ ಗೊತ್ತುಟ್ಟು ನಾ ಇಲ್ಲಿದ್ದೇನೆ ಅಂತ," ಅಂದಳು ಮೆಲ್ಲ.

ಅಲ್ಲಿಂದ ಅದು ದಿನದ ಪರಿಪಾಠವಾಯಿತು. ಮೋಕ್ಷಿತ್ ಬೈಕು ಆಫ್ ಮಾಡಿದ ಕೂಡಲೇ ಟಿಣ್... ಹಿಕ್. ಸ್ವಲ್ಪ ಹೊತ್ತಿಗೆ ಅಳು. ಜೋರು ಅಳುವಲ್ಲ, ಗಾಜಿನ ಹಿಂದಿನಿಂದ ಬರುವಂಥ ಅಳು. ಶ್ವೇತ ಬೈಕಿನ ಪಕ್ಕ ಕೂತು ಟ್ಯಾಂಕಿನ ಮೇಲೆ ಕೈ ಆಡಿಸುತ್ತಿದ್ದಳು. ಹಗಲಿನಲ್ಲಿ ಅವಳು ಮೊದಲಿನ ಹಾಗೆ ತಲೆ ಬಾಚಿಕೊಂಡಳು, ಊಟ ಮಾಡಿದಳು, ಅತ್ತೆಯ ಹತ್ತಿರ ಮಾತಾಡಿದಳು. ಸೊಸೆ ಚೇತರಿಸಿಕೊಂಡಳು ಅಂತ ಪ್ರೇಮಾವತಿಯಮ್ಮ ನಮ್ಮ ಮನೆಗೆ ಬಂದು ಸಂತೋಷಪಟ್ಟು ಹೋದರು. ಮೋಕ್ಷಿತ್ ಮಾತ್ರ ಸೊರಗುತ್ತಾ ಬಂದ. ಹೆಂಡತಿಯ ಮುಖ ನೋಡಿದರೆ ಹೀಗೇ ಇರಲಿ ಅನ್ನಿಸುತ್ತಿತ್ತು. ಆ ಅಳು ಕೇಳಿದರೆ ಎದೆ ಹಿಂಡುತ್ತಿತ್ತು.

ಒಂದು ದಿನ ಧೈರ್ಯ ಮಾಡಿ ಬೈಕನ್ನು ವರ್ಕ್‌ಶಾಪಿನಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದ. ಬಾವಿಕಟ್ಟೆಯಿಂದ ಎದ್ದು ಶ್ವೇತ ಅವನ ಹಿಂದೆ ನೋಡಿದಳು.

"ಎಲ್ಲಿ?"

"ಭಾಗಮಂಡಲದಲ್ಲಿ ಉಟ್ಟು."

"ಒಬ್ಳನ್ನೇ ಬಿಟ್ಟು ಬಂದ್ರಾ?" ಅಷ್ಟೇ ಕೇಳಿದ್ದು. ಬೆಳಗಾಗುವವರೆಗೆ ಅವಳು ಒಳಗೆ ಬರಲಿಲ್ಲ.

ಮಾರನೇ ದಿನ ವರ್ಕ್‌ಶಾಪಿಗೆ ಹೋದರೆ, ಅಲ್ಲೇ ಹಿಂದಿನ ಕೋಣೆಯಲ್ಲಿ ಮಲಗುವ ದಿಗಂತ್ ಬಾಗಿಲಲ್ಲೇ ನಿಂತಿದ್ದ. ಕಣ್ಣು ಕೆಂಪಾಗಿತ್ತು.

"ನಿನ್ನ ಗಾಡಿ ತಗೊಂಡ್ಹೋಗು ಮಾರಾಯ."

"ಎಂತಾಯ್ತು?"

"ರಾತ್ರಿಯಿಡೀ ಬೆಕ್ಕಿನ ಮರಿ ಅತ್ತ ಹಾಗೆ. ಟಾರ್ಚ್ ಹಾಕಿ ಮೂಲೆ ಮೂಲೆ ನೋಡಿದೆ. ಬೆಕ್ಕೂ ಇಲ್ಲ, ಎಂತದೂ ಇಲ್ಲ. ನಿನ್ನ ಗಾಡಿಯ ಟ್ಯಾಂಕು ಮುಟ್ಟಿದೆ..." ದಿಗಂತ್ ತನ್ನ ಅಂಗೈ ನೋಡಿಕೊಂಡ. "ಬೆಚ್ಚಗೆ ಇತ್ತು. ಎಂಜಿನ್ನು ತಣ್ಣಗೆ, ಟ್ಯಾಂಕು ಬೆಚ್ಚಗೆ. ಹಂಗೆ ಇರ್ತದಾ ಯಾವ ಗಾಡಿಯಾದ್ರೂ?"

ಮೋಕ್ಷಿತ್ ಬೈಕು ಹತ್ತಿದ. ಆ ಕಾಡುದಾರಿಯಲ್ಲಿ ಬರುವಾಗ ಮೊದಲ ಸಲ ಅವನು ಮಾತಾಡಿದ. "ಆತ್ ಮಗಾ... ಮನೆಗೇ ಹೋಪೊ." ಅಂದವನೇ ಬದಿಗೆ ನಿಲ್ಲಿಸಿ ಅತ್ತ. ಮಗಳು ಹುಟ್ಟಿದ ಮೇಲೆ ಅವನು ಅವಳ ಹತ್ತಿರ ಆಡಿದ ಮೊದಲನೇ ಮಾತು ಅದು.

ಮನೆಗೆ ಬಂದು ಅವ್ವನ ಮುಂದೆ ಎಲ್ಲ ಹೇಳಿದ. ಹೆಸರಿನ ಗುಟ್ಟು, ಬಾವಿಕಟ್ಟೆ, ಹಾಲು, ಎಲ್ಲ. ಪ್ರೇಮಾವತಿಯಮ್ಮ ಬೈಯುತ್ತಾರೆ ಅಂದುಕೊಂಡಿದ್ದ. ಅವರು "ಚೋಮಿ," ಅಂದರು ಒಂದು ಸಲ, ರುಚಿ ನೋಡುವ ಹಾಗೆ. ಸೌಮ್ಯಳಿಗೆ ಫೋನು ಹೋಯಿತು. ಅವಳು ಬಂದು ಶ್ವೇತಳ ಕಾಲು ಹಿಡಿಯಲಿಕ್ಕೆ ಬಗ್ಗಿದಳು. "ನಂಗೆ ಗೊತ್ತಿರ್ಲಿಲ್ಲೆ ಶ್ವೇತಾ..." ಶ್ವೇತ ಅವಳನ್ನು ಎಬ್ಬಿಸಿ ತಬ್ಬಿಕೊಂಡಳು. "ನೀವು ಚೆಂದ ಕರೆದ್ರಿ ಅತ್ತಿಗೆ," ಅಂದಳು.

ಕುಟುಂಬದ ಹಿರಿಯ ಮೊಣ್ಣಪ್ಪಜ್ಜನನ್ನು ಕರೆಸಿದರು. ಪ್ರತಿ ವರ್ಷ ಹಿರಿಯರಿಗೆ ಬಡಿಸುವಾಗ ಮುಂದೆ ನಿಂತು ಮಾಡಿಸುವವರು ಅವರೇ. ಗಾಡಿ ಮಾರಿಬಿಡೋಣವಾ ಅಂತ ಕೇಳಿದ ಮೋಕ್ಷಿತ್.

"ಗಾಡಿ ಎಂತ ಮಾಡ್ತು ನಿಂಗೆ?" ಅಂದರು ಅಜ್ಜ. "ಹೆಸರಿಲ್ಲದೆ ಮಣ್ಣಿಗೆ ಹೋದ್ದು ಮಣ್ಣಲ್ಲಿ ಇತ್ತು. ಈಗ ಹೆಸ್ರು ಕರೆದಾತ್. ಹಿಂದೆ ತಗೊಳ್ಳಿಕ್ಕೆ ಬರುವುದಿಲ್ಲ. ಹೆಸರಾದ ಮೇಲೆ ಆ ಗೂಡೆ ಈ ಮನೆಯ ಹೆಣ್ಣುಮಗಳು. ಮನೆಯವರು ತೀರಿಕೊಂಡ್ರೆ ಎಂತ ಮಾಡ್ತೇವೆ? ಎಲೆ ಹಾಕ್ತೇವೆ. ಕರೆದು ಹಿರಿಯರ ಸಾಲಲ್ಲಿ ಕೂರಿಸ್ತೇವೆ. ಆಮೇಲೆ ಅವರು ನೋಡಿಕೊಳ್ತಾರೆ."

ಶ್ವೇತ ಬಾಗಿಲ ಹಿಂದೆ ನಿಂತಿದ್ದಳು. "ಬೇಡ," ಅಂದಳು. ಹೊಸ್ತಿಲು ದಾಟಿ ಅಜ್ಜನ ಎದುರಿಗೆ ಬಂದಳು.

"ಎಲೆ ಹಾಕಿದ್ರೆ ಹೋಗ್ತಾಳೆ ಅಲ್ವ ಅಜ್ಜ? ಆಸ್ಪತ್ರೆಲಿ ಮುಟ್ಟಲಿಕ್ಕೆ ಬಿಡ್ಲಿಲ್ಲ ನಂಗೆ. ಈಗ ದಿವಸಾ ಬರ್ತಾಳೆ. ನಾ ಕಳಿಸುವುದಿಲ್ಲ."

ಅಜ್ಜ ಒತ್ತಾಯ ಮಾಡಲಿಲ್ಲ. ಆ ರಾತ್ರಿ ಮೋಕ್ಷಿತನೂ ಅವಳ ಪಕ್ಕ ಬಾವಿಕಟ್ಟೆಯಲ್ಲಿ ಕೂತ. ಟಿಣ್... ಟಿಣ್... ಹಿಕ್. ಅಳು ಶುರುವಾಯಿತು. ಅವತ್ತು ನಿಲ್ಲಲೇ ಇಲ್ಲ. ಶ್ವೇತಳ ರವಿಕೆ ನೆನೆದು ಸೆರಗು ನೆನೆಯಿತು. ಅವಳು ಟ್ಯಾಂಕನ್ನು ಸವರಿದಳು, ತಟ್ಟಿದಳು, ಕೊನೆಗೆ ಆ ತಗಡನ್ನು ಎದೆಗೆ ಅವಚಿಕೊಂಡಳು. ಅಳು ಇನ್ನೂ ಜಾಸ್ತಿಯಾಯಿತು.

"ಹಸಿವು ಅವಳಿಗೆ," ಅಂದಳು ಶ್ವೇತ. "ನಂಗೆ ಕೊಡ್ಲಿಕ್ಕೆ ಆಗುದಿಲ್ಲ. ಆಗಲೂ ಆಗ್ಲಿಲ್ಲ, ಈಗಲೂ ಆಗುದಿಲ್ಲ. ನಾ ಇಲ್ಲಿ ಕೂತು ಖುಷಿಪಡ್ತಾ ಇದ್ದೆ... ಅವಳು ಇಷ್ಟು ದಿವಸ ಹಸ್ಕೊಂಡು ಅಳ್ತಾ ಇದ್ಲು."

ಟ್ಯಾಂಕಿನಿಂದ ಕೈ ತೆಗೆದು, "ಅಜ್ಜನಿಗೆ ಹೇಳಿ," ಅಂದಳು.

ಹಿರಿಯರಿಗೆ ಬಡಿಸುವ ದಿನ ನೆರೆಯವರಾದ ನಮ್ಮನ್ನೂ ಕರೆದಿದ್ದರು. ಒಳಕೋಣೆಯಲ್ಲಿ ಸಾಲಾಗಿ ಬಾಳೆಲೆ. ಯಾರಿಗೆ ಬದುಕಿದ್ದಾಗ ಎಂತ ಇಷ್ಟವೋ ಅದೇ ಬಡಿಸುವುದು. ಒಬ್ಬರಿಗೆ ಒಣಮೀನು, ಒಬ್ಬರಿಗೆ ಎಲೆಯಡಿಕೆ. ಕಡುಬು, ಕೋಳಿಸಾರು ಎಲ್ಲರಿಗೂ. ಸಾಲಿನ ನಡುವೆ ಮೋಕ್ಷಿತನ ಅಪ್ಪನ ಎಲೆ. ಅವರು ತೀರಿಹೋಗಿ ವರ್ಷಗಳಾದವು. ಬ್ರಾಂದಿ ಇಲ್ಲದೆ ಅವರಿಗೆ ತುತ್ತು ಇಳಿಯುತ್ತಿರಲಿಲ್ಲ, ಹಾಗಾಗಿ ಬಲಕ್ಕೆ ಒಂದು ಗ್ಲಾಸು ತುಂಬಿಸಿ ಇಟ್ಟರು. ಕೊನೆಯಲ್ಲಿ, ಬಾಗಿಲ ಹತ್ತಿರ, ಕುಡಿಬಾಳೆಯ ಒಂದು ಚಿಕ್ಕ ಎಲೆ.

ಅದಕ್ಕೆ ಎಂತ ಬಡಿಸುವುದು? ಅಜ್ಜನೂ ತಡವರಿಸಿದರು. ಪ್ರೇಮಾವತಿಯಮ್ಮ ಎದ್ದುಹೋಗಿ ಪೆಟ್ಟಿಗೆಯಿಂದ ಒಂದು ಒಳಲೆ ತಂದರು, ಮಕ್ಕಳಿಗೆ ಹಾಲು ಹಾಕುವ ಮೂತಿಯಿರುವ ಆ ಸಣ್ಣ ಬೆಳ್ಳಿಯದ್ದು. ಮೊಮ್ಮಗಳಿಗೆ ಅಂತ ಉಜ್ಜಿ ಇಟ್ಟಿದ್ದು. ಸೊಸೆಯ ಕೈಗೆ ಕೊಟ್ಟರು. ಶ್ವೇತ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಒಳಲೆ ತುಂಬಿತ್ತು. ಚಿಕ್ಕ ಎಲೆಯ ಮೇಲೆ ಅದನ್ನು ಇಟ್ಟು, ಬಗ್ಗಿ, ಎಲೆಯ ಹತ್ತಿರ ಬಾಯಿ ತಂದು ಅವಳೇ ಕರೆದಳು.

"ಚೋಮಿ... ಬಾ ಮಗಾ. ಊಟ ಮಾಡು. ಅವರ ಜೊತೆ ಹೋಗು."

ಅಷ್ಟು ಹೇಳಿ ಹೊರಗೆ ಬಂದು ಕುಸಿದಳು. ಮೋಕ್ಷಿತ್ ಹಿಡಿದುಕೊಂಡ. ಕಿಟಕಿ ಮುಚ್ಚಿ, ಬಾಗಿಲು ಎಳೆದು, ಚಿಲಕ ಹಾಕಿ ಎಲ್ಲರೂ ಅಂಗಳದಲ್ಲಿ ಕೂತೆವು. ಬೈಕು ಅಲ್ಲೇ ಹಲಸಿನ ಮರದ ಕೆಳಗೆ ನಿಂತಿತ್ತು. ಒಮ್ಮೆ ಒಳಗಿನಿಂದ ಸದ್ದು ಬಂತು. ಗಾಜನ್ನು ಸಿಮೆಂಟಿನ ಮೇಲೆ ಮೆಲ್ಲಗೆ ಜರುಗಿಸಿದಂಥ ಸದ್ದು. ಸರ್ರ್... ಅಷ್ಟೇ.

ಆಮೇಲೆ ಅಜ್ಜ ಕೆಮ್ಮಿ ಚಿಲಕ ತೆಗೆದರು.

ಚಿಕ್ಕ ಎಲೆಯ ಮೇಲೆ ಒಳಲೆ ಇರಲಿಲ್ಲ. ಅದು ನಡುವಿನಲ್ಲಿ, ಮೋಕ್ಷಿತನ ಅಪ್ಪನ ಎಲೆಯ ಮೇಲೆ ಇತ್ತು. ಖಾಲಿ. ಒಂದು ಹನಿಯೂ ಇಲ್ಲ. ಪ್ರೇಮಾವತಿಯಮ್ಮ ಅಲ್ಲೇ ಕೂತು ಬಾಯಿಗೆ ಸೆರಗು ಹಿಡಿದು ಅತ್ತರು. ಗಂಡ ಹೋದಾಗಲೂ ಅಷ್ಟು ಅತ್ತದ್ದು ನಾವು ಕಂಡಿಲ್ಲ. ಶ್ವೇತ ಅಳಲಿಲ್ಲ. ಆ ಎಲೆಯ ಮುಂದೆ ಕೂತು ನೆಲಕ್ಕೆ ಹಣೆ ಹಚ್ಚಿದಳು, ತುಂಬ ಹೊತ್ತು ಏಳಲಿಲ್ಲ. ಅವಳ ಹಾಲು ಅವತ್ತಿಗೇ ನಿಂತಿತು. ಬೈಕು ಈಗಲೂ ಉಂಟು, ಬಾವಿಯ ಹತ್ತಿರ ಆಫ್ ಮಾಡಿದರೆ ಸೈಲೆನ್ಸರಿನ ಸದ್ದು ಬಿಟ್ಟು ಬೇರೆ ಎಂತದೂ ಇಲ್ಲ. ಶ್ವೇತ ಕೆಲವು ದಿನ ಸಂಜೆ ಹೋಗಿ ಕೂತು ಕೇಳಿ ಬಂದಳು. ಆಮೇಲೆ ಹೋಗುವುದು ಬಿಟ್ಟಳು.

ಬೆಕ್ಕು ನುಗ್ಗಿರಬೇಕು ಅನ್ನುತ್ತೀರಿ. ಎಲ್ಲರೂ ಅದನ್ನೇ ಅನ್ನುವುದು. ಆ ಬ್ರಾಂದಿ ಗ್ಲಾಸು ಅಪ್ಪನ ಎಲೆಯ ಬಲಕ್ಕೆ ಇಟ್ಟದ್ದಲ್ವ? ಅದು ಅಲ್ಲಿರಲಿಲ್ಲ. ಆಚೆ ಗೋಡೆಯ ಬುಡದಲ್ಲಿ, ಎಳೇ ಮಗುವಿನ ಕೈಗೆ ಎಟುಕದಷ್ಟು ದೂರದಲ್ಲಿ ಇತ್ತು. ಎತ್ತಿದ್ದು ನಮ್ಮ ಮನೆಯವರೇ, ಬೇಕಾದರೆ ಈಗಲೇ ಎಬ್ಬಿಸಿ ಕೇಳಿ. ಅಂಚಿನವರೆಗೆ ತುಂಬಿತ್ತು. ನೆಲದ ಮೇಲೆ ಒಂದು ಹನಿ ಚೆಲ್ಲಿರಲಿಲ್ಲ.